ಗೂಗಲ್‌ನಿಂದ ಮರೆಯಾದ ಒಂದು ಅಪ್ಪೆಮಿಡಿ ಅಂಗಡಿ: ಹೋದದ್ದು ಹೇಗೆ, ಮರಳಿದ್ದು ಹೇಗೆ

ಕಳೆದ ವರ್ಷ ಫೆಬ್ರುವರಿಯ ಕೊನೆಯ ವಾರ ಸಾಗರದ ಆಚೆಗಿನ ಒಂದು ಹಳ್ಳಿಯಿಂದ ಫೋನ್ ಬಂತು. ಶರಾವತಿ ಹಿನ್ನೀರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ಹಿತ್ತಿಲ ಕೊಟ್ಟಿಗೆಯನ್ನು ಸರಿಮಾಡಿಸಿಕೊಂಡು ಹತ್ತು ವರ್ಷಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಜೊತೆಗೆ ಜೋನಿಬೆಲ್ಲ, ಹಲಸಿನ ಹಪ್ಪಳ, ತೊಡೆದೇವು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. “ತಮ್ಮಾ, ಹದಿನೈದು ದಿನವಾಯಿತು, ವೆಬ್‌ಸೈಟಿನಿಂದ ಒಂದೇ ಒಂದು ಆರ್ಡರ್ ಬಂದಿಲ್ಲ. ಮಿಡಿ ಕೊಯ್ಯುವವರಿಗೆ ಮುಂಗಡ ಕೊಟ್ಟಾಗಿದೆ, ಉಪ್ಪಿನ ಮೂಟೆ ತಂದು ಹಾಕಿಕೊಂಡಿದ್ದೇನೆ. ಏನಾಗಿದೆ ಎಂದು ಒಂದು ಸಲ ನೋಡುತ್ತೀಯಾ?” ಎಂದರು.

ಶಿವಮೊಗ್ಗದ ದುರ್ಗಿಗುಡಿಯ ನನ್ನ ಕೋಣೆಯಲ್ಲಿ ಕುಳಿತು ಮೊದಲು ಮಾಡಿದ ಕೆಲಸ ಅಂಗಡಿಯ ಹೆಸರನ್ನೇ ಗೂಗಲ್‌ನಲ್ಲಿ ಹುಡುಕಿದ್ದು. ಸಿಗಲಿಲ್ಲ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಹುಡುಕಿದಾಗ ಸ್ಥಾನ ಕುಸಿದಿದ್ದರೆ ಅದಕ್ಕೆ ಹತ್ತು ಕಾರಣಗಳಿರಬಹುದು: ಹೊಸ ಅಂಗಡಿಗಳು ಬಂದಿರಬಹುದು, ಗೂಗಲ್ ತನ್ನ ಲೆಕ್ಕಾಚಾರ ಬದಲಿಸಿರಬಹುದು. ಆದರೆ ಅಂಗಡಿಯ ಸ್ವಂತ ಹೆಸರು ಹಾಕಿದಾಗಲೂ ಅದರ ತಾಣ ಬಾರದೆ ಯಾವುದೋ ವಿಳಾಸ ಪಟ್ಟಿಯ ಪುಟ ಮೊದಲು ಬಂದರೆ, ಸಮಸ್ಯೆ ಅಂಗಡಿಯ ಒಳಗೇ ಇದೆ ಎಂದು ಅರ್ಥ. ತಾಣ ತೆರೆಯುತ್ತಿತ್ತು. ಗೂಗಲ್ ಒಳಗೆ ಬರದಂತೆ ಯಾರೂ ಬಾಗಿಲು ಹಾಕಿರಲಿಲ್ಲ. ಹಾಗೆ ತಡೆಯಲು ಬಳಸುವ ರೋಬೋಟ್ಸ್ ಕಡತ, ನೋಇಂಡೆಕ್ಸ್ ಸೂಚನೆ ಎರಡನ್ನೂ ನೋಡಿದೆ. ಹ್ಯಾಕ್ ಆದ ಗುರುತೂ ಇರಲಿಲ್ಲ.

ಮುಂದಿನ ಹೆಜ್ಜೆ ಸರ್ಚ್ ಕನ್ಸೋಲ್. ತಾಣದ ಮಾಲೀಕರಿಗೆ ಗೂಗಲ್ ಏನಾದರೂ ಹೇಳುವುದಿದ್ದರೆ ಅಲ್ಲೇ ಹೇಳುತ್ತದೆ. ಅಕ್ಕನಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಎರಡು ವರ್ಷ ಹಿಂದೆ ಬೆಂಗಳೂರಿನ ಒಂದು ಏಜೆನ್ಸಿಗೆ ತಿಂಗಳಿಗಿಷ್ಟು ಎಂದು ಹಣ ಕೊಟ್ಟು ‘ಮೊದಲ ಪುಟಕ್ಕೆ ತರುವ’ ಕೆಲಸ ಒಪ್ಪಿಸಿದ್ದರು. ಸರ್ಚ್ ಕನ್ಸೋಲ್ ಆ ಏಜೆನ್ಸಿಯ ಮೇಲ್‌ನಲ್ಲಿತ್ತು, ತಾಣದ ವಿಳಾಸವಾದ ಡೊಮೇನ್ ಕೂಡ ಅವರ ಹೆಸರಿನಲ್ಲಿತ್ತು. ಜಮೀನು ನಮ್ಮದು, ಪಹಣಿ ಮಾತ್ರ ಬೇಲಿ ಹಾಕಿದವರ ಹೆಸರಿನಲ್ಲಿ ಎಂಬ ಸ್ಥಿತಿ. ಮಲೆನಾಡಿನ ಹೋಂಸ್ಟೇ, ಉಪ್ಪಿನಕಾಯಿ, ಜೇನಿನ ತಾಣಗಳಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಅದೃಷ್ಟಕ್ಕೆ ತಾಣದ ಕಡತಗಳನ್ನು ಇಟ್ಟಿರುವ ಹೋಸ್ಟಿಂಗ್‌ನ ಪಾಸ್‌ವರ್ಡ್ ಅಕ್ಕನ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿತ್ತು. ಗೂಗಲ್ ಕೊಡುವ ದೃಢೀಕರಣದ ಪುಟ್ಟ ಕಡತವನ್ನು ಸರ್ವರ್‌ಗೆ ಏರಿಸಿ, ಅಕ್ಕನ ಮೇಲ್‌ಗೇ ಮಾಲೀಕತ್ವ ತೆಗೆದುಕೊಂಡೆವು.

‘ಮ್ಯಾನುಯಲ್ ಆಕ್ಷನ್ಸ್’ ಎಂಬ ವಿಭಾಗ ತೆರೆದೊಡನೆ ಕಾರಣ ಕಣ್ಣೆದುರಿಗೆ ಬಂತು: ನಿಮ್ಮ ತಾಣಕ್ಕೆ ಬರುತ್ತಿರುವ ಅಸಹಜ ಲಿಂಕ್‌ಗಳು. ಬೇರೆ ತಾಣಗಳು ನಮ್ಮ ತಾಣಕ್ಕೆ ಕೊಡುವ ಲಿಂಕನ್ನು ಗೂಗಲ್ ಶಿಫಾರಸು ಎಂದು ಎಣಿಸುತ್ತದೆ; ಅಂಥ ಶಿಫಾರಸುಗಳು ಕೃತಕ ಎಂಬುದು ಇಲ್ಲಿನ ಆರೋಪ. ಕ್ರಮ ಇಡೀ ತಾಣಕ್ಕೆ ಅನ್ವಯವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದನ್ನು ತಿಳಿಯದೆ ಜನ ತಿಂಗಳುಗಟ್ಟಲೆ ತಪ್ಪು ಔಷಧಿ ಹೊಡೆಯುತ್ತಾರೆ. ಎಲೆಚುಕ್ಕೆ ರೋಗಕ್ಕೂ ಹಳದಿ ಎಲೆ ರೋಗಕ್ಕೂ ಒಂದೇ ಸಿಂಪಡಣೆ ನಡೆಯುವುದಿಲ್ಲ ಎಂದು ಅಡಿಕೆ ಬೆಳೆಗಾರರಿಗೆ ಗೊತ್ತು, ಇದೂ ಹಾಗೆಯೇ. ಗೂಗಲ್‌ನಲ್ಲಿ ತಾಣ ಕೆಳಗಿಳಿಯುವುದು ಎರಡು ಬಗೆಯಲ್ಲಿ. ಒಂದು, ಅದರ ಲೆಕ್ಕಾಚಾರವೇ ತಾಣವನ್ನು ಕಡಿಮೆ ಅಂದಾಜಿಸುವುದು. 2011ರ ಪಾಂಡಾ ಟೊಳ್ಳು ಬರಹದ ಪುಟಗಳನ್ನೂ, 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಕೃತಕ ಲಿಂಕ್‌ಗಳನ್ನೂ ಗುರಿಯಾಗಿಸಿದ್ದು ಹೀಗೆ. 2016ರಿಂದ ಪೆಂಗ್ವಿನ್ ಗೂಗಲ್‌ನ ಮೂಲ ಲೆಕ್ಕಾಚಾರದಲ್ಲೇ ಸೇರಿಹೋಗಿದೆ. ಈ ಬಗೆಯ ಕುಸಿತಕ್ಕೆ ಯಾವ ನೋಟಿಸೂ ಬರುವುದಿಲ್ಲ, ಮನವಿ ಸಲ್ಲಿಸಲು ಜಾಗವೂ ಇಲ್ಲ. ಇನ್ನೊಂದು, ಗೂಗಲ್‌ನ ಸಿಬ್ಬಂದಿಯೇ ಕಣ್ಣಾರೆ ನೋಡಿ ತೆಗೆದುಕೊಳ್ಳುವ ಕ್ರಮ. ಅದಕ್ಕೆ ನೋಟಿಸ್ ಇದೆ, ತಿದ್ದಿಕೊಂಡ ಮೇಲೆ ಮರುಪರಿಶೀಲನೆಯ ಮನವಿಯೂ ಇದೆ. ಅಕ್ಕನದು ಎರಡನೆಯದು. ಕೇಳಲು ಭಯವಾದರೂ ಎರಡರಲ್ಲಿ ಇದೇ ಮೇಲು ಎಂದು ಅವರಿಗೆ ಹೇಳಿದೆ. ತಪ್ಪು ಏನೆಂದು ಬರೆದುಕೊಟ್ಟಿದ್ದಾರೆ, ತಿದ್ದಿದರೆ ಓದುವವರೂ ಇದ್ದಾರೆ.

ಲಿಂಕ್‌ಗಳ ಪಟ್ಟಿಯನ್ನು ಸರ್ಚ್ ಕನ್ಸೋಲ್‌ನಿಂದ ಇಳಿಸಿ ಶೀಟ್‌ಗೆ ಹಾಕಿದೆ. ನಾನೂರಕ್ಕೂ ಹೆಚ್ಚು ತಾಣಗಳು. ಹತ್ತಿರದಿಂದ ನೋಡಿದಾಗ ಎರಡು ಜಾತಿ ಬೇರೆಬೇರೆಯಾಗಿ ಕಾಣತೊಡಗಿದವು. ನಿಜವಾಗಿ ಮೆಚ್ಚಿ ಲಿಂಕ್ ಕೊಟ್ಟವರು ಅಂಗಡಿಯ ಹೆಸರು ಬರೆದಿದ್ದರು, ಇಲ್ಲವೇ ‘ಸಾಗರದ ಕಡೆಯ ಒಬ್ಬರು’ ಎಂದೋ ‘ಇಲ್ಲಿ ಸಿಗುತ್ತದೆ’ ಎಂದೋ ಬರೆದಿದ್ದರು. ಒಬ್ಬರಂತೆ ಇನ್ನೊಬ್ಬರು ಬರೆದಿರಲಿಲ್ಲ. ಏಜೆನ್ಸಿ ಹಣಕ್ಕೆ ಕೊಂಡ ಲಿಂಕ್‌ಗಳಲ್ಲಿ ಮಾತ್ರ ಒಂದೇ ವಾಕ್ಯ, ಅಕ್ಷರವೂ ಬದಲಾಗದೆ: ‘ಅತ್ಯುತ್ತಮ ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್ ಖರೀದಿಸಿ’ ಎಂಬುದರ ಇಂಗ್ಲಿಷ್ ರೂಪ. ಸಾಲ ಕೊಡಿಸುವ ತಾಣದಲ್ಲಿ ಅದೇ, ಜೂಜಿನ ತಾಣದಲ್ಲಿ ಅದೇ, ಕೂದಲು ಉದುರುವುದಕ್ಕೆ ಪರಿಹಾರ ಹೇಳುವ ಪುಟದ ಕೊನೆಯ ಪ್ಯಾರಾದಲ್ಲೂ ಅದೇ. ಒಂದು ಮರದ ಮಿಡಿ ಇನ್ನೊಂದರಂತಿರುವುದಿಲ್ಲ; ಒಂದಕ್ಕೆ ಜೀರಿಗೆಯ ಪರಿಮಳ, ಒಂದಕ್ಕೆ ಕರ್ಪೂರದ್ದು. ಮುನ್ನೂರು ಜನ ಒಂದೇ ಮಾತನ್ನು ಒಂದೇ ರೀತಿ ಹೇಳುವುದು ಪ್ರಕೃತಿಯಲ್ಲಿ ಇಲ್ಲ. ಪರಿಶೀಲನೆಗೆ ಕುಳಿತವರಿಗೆ ಇದನ್ನು ಹಿಡಿಯಲು ಐದು ನಿಮಿಷವೂ ಬೇಕಾಗಿರಲಿಕ್ಕಿಲ್ಲ.

ಏಜೆನ್ಸಿ ಇನ್ನೂ ಒಂದು ಕೆಲಸ ಮಾಡಿತ್ತು. ಬೆಂಗಳೂರು, ಪುಣೆ, ಹೈದರಾಬಾದ್, ಚೆನ್ನೈ ಎಂದು ಊರಿಗೊಂದರಂತೆ ಅರವತ್ತರ ಹತ್ತಿರ ಪುಟಗಳು. ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಒಂದೇ. ನೋಟಿಸಿನಲ್ಲಿ ಇದರ ಮಾತಿರಲಿಲ್ಲ, ಆದರೂ ಇಂಥ ಪುಟಗಳು ಗೂಗಲ್‌ನ ನಿಯಮಕ್ಕೆ ವಿರುದ್ಧವೇ. ಒಂದನ್ನು ತಿದ್ದಿ ಇನ್ನೊಂದನ್ನು ಮುಚ್ಚಿಟ್ಟುಕೊಂಡು ಮನವಿ ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲವನ್ನೂ ಅಳಿಸಿದೆವು. ಅವನ್ನು ಮುಖಪುಟಕ್ಕೆ ತಿರುಗಿಸಿಬಿಡಿ ಎಂದು ಸ್ನೇಹಿತರೊಬ್ಬರು ಹೇಳಿದ್ದರು. ಸಂಬಂಧವಿಲ್ಲದ ಪುಟಗಳನ್ನು ಸಾಮೂಹಿಕವಾಗಿ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟ ಇಲ್ಲ’ ಎಂದೇ ಪರಿಗಣಿಸುತ್ತದೆ. ಇಲ್ಲದ್ದನ್ನು ಇಲ್ಲ ಎನ್ನುವುದೇ ಸರಿ.

ಆಮೇಲೆ ಶುರುವಾದದ್ದು ಬೇಸರ ಹಿಡಿಸುವ ಕೆಲಸ. ಕೊಂಡ ಲಿಂಕ್ ಇದ್ದ ಪ್ರತಿ ತಾಣದ ಮಾಲೀಕರನ್ನು ಹುಡುಕಿ, ಲಿಂಕ್ ತೆಗೆಯಿರಿ ಎಂದು ಮೇಲ್ ಬರೆಯುವುದು. ಅಕ್ಕನ ಮಗಳು ಆಗ ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದಳು. ಕೆಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಅಟ್ಟದ ಕಿಟಕಿಯ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು, ದಿನಕ್ಕೆ ಇಪ್ಪತ್ತು ಮೂವತ್ತು ಮೇಲ್ ಕಳಿಸಿದಳು. ಯಾವ ದಿನ ಯಾರಿಗೆ ಬರೆದದ್ದು, ಉತ್ತರ ಬಂತೇ, ಲಿಂಕ್ ಹೋಯಿತೇ, ಎಲ್ಲಕ್ಕೂ ಶೀಟ್‌ನಲ್ಲಿ ಒಂದೊಂದು ಕಾಲಂ. ಹೆಚ್ಚಿನವರಿಂದ ಉತ್ತರವೇ ಇಲ್ಲ. ಕೆಲವರು ತೆಗೆದರು. ಕೆಲವರು ತೆಗೆಯಲು ಹಣ ಕೇಳಿದರು. ಹಾಕಲು ಒಮ್ಮೆ ಕೊಟ್ಟಾಗಿದೆ, ತೆಗೆಯಲು ಇನ್ನೊಮ್ಮೆ ಕೊಡುವ ಅಗತ್ಯವಿಲ್ಲ ಎಂದು ನಿರ್ಧರಿಸಿದೆವು. ಅವರು ಹಣ ಕೇಳಿದ ಮೇಲ್‌ಗಳನ್ನೇ ದಾಖಲೆಯಾಗಿ ಇಟ್ಟುಕೊಂಡೆವು.

ಕಿತ್ತುಹಾಕಲು ಆಗದ್ದನ್ನು ‘ಡಿಸ್‌ಅವೌ’ ಕಡತಕ್ಕೆ ಸೇರಿಸಿದೆ. 2012ರ ಅಕ್ಟೋಬರ್‌ನಲ್ಲಿ ಗೂಗಲ್ ಕೊಟ್ಟ ಸೌಲಭ್ಯ ಇದು: ಈ ಲಿಂಕ್‌ಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಾಣದ ಮಾಲೀಕರು ಕೊಡುವ ಪಟ್ಟಿ. ಸಾದಾ ಪಠ್ಯದ ಕಡತ, ಸಾಲಿಗೆ ಒಂದು ವಿಳಾಸ. ಇಡೀ ತಾಣವನ್ನೇ ತಳ್ಳಿಹಾಕಬೇಕಾದರೆ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಡೊಮೇನ್’ ಎಂದು ಬರೆದು ಕೋಲನ್ ಹಾಕಬೇಕು. ಎರಡು ಎಚ್ಚರಿಕೆಗಳು. ಎರಡನೆಯ ಸಲ ಕಡತ ಏರಿಸಿದರೆ ಅದು ಮೊದಲಿನದರ ಜಾಗಕ್ಕೆ ಬರುತ್ತದೆ, ಅದಕ್ಕೆ ಸೇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಪೂರ್ತಿ ಪಟ್ಟಿ ಇರಬೇಕು. ಇನ್ನೊಂದು, ನೋಟಿಸ್ ಇಲ್ಲದವರು ಸುಮ್ಮನೆ ಭಯಕ್ಕೆ ಇದನ್ನು ಬಳಸಬಾರದು. ಕೆಟ್ಟ ಲಿಂಕ್‌ಗಳು ಎಲ್ಲರಿಗೂ ಒಂದಷ್ಟು ಇರುತ್ತವೆ, ಗೂಗಲ್ ಅವುಗಳಲ್ಲಿ ಬಹುಪಾಲನ್ನು ತಾನೇ ಬದಿಗೆ ಸರಿಸುತ್ತದೆ. ಗಾಬರಿಯಲ್ಲಿ ಒಳ್ಳೆಯ ಲಿಂಕ್‌ಗಳನ್ನೂ ಪಟ್ಟಿಗೆ ಹಾಕಿ ತಾಣವನ್ನು ಇನ್ನಷ್ಟು ಕೆಳಕ್ಕೆ ತಳ್ಳಿಕೊಂಡವರನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗಿದೆ.

ಏಪ್ರಿಲ್ ಮೊದಲ ವಾರ ಮರುಪರಿಶೀಲನೆಯ ಮನವಿ ಕಳಿಸಿದೆವು. ನಾನೇ ಬರೆದದ್ದು, ಮೂರು ಪುಟ. ಅದರ ಅರ್ಧ ಭಾಗ ಏಜೆನ್ಸಿ ಹೇಗೆ ಮೋಸ ಮಾಡಿತು ಎಂಬುದೇ ಆಗಿತ್ತು. ಎರಡು ವಾರದ ನಂತರ ಉತ್ತರ ಬಂತು: ಅಸಹಜ ಲಿಂಕ್‌ಗಳು ಇನ್ನೂ ಇವೆ, ಕ್ರಮ ಮುಂದುವರಿಯುತ್ತದೆ. ಉದಾಹರಣೆಗೆಂದು ಕೆಲವು ವಿಳಾಸಗಳನ್ನೂ ಕೊಟ್ಟಿದ್ದರು.

ಆ ಉದಾಹರಣೆಗಳಲ್ಲಿ ಒಂದನ್ನು ನೋಡಿ ನಾನು ತಬ್ಬಿಬ್ಬಾದೆ. ಅದು ಜೂಜಿನ ತಾಣವಲ್ಲ. ಅಡುಗೆಯ ಬಗ್ಗೆ ಚೆನ್ನಾಗಿ ಬರೆಯುವ ಒಬ್ಬ ಗೃಹಿಣಿಯ ತಾಣ. ಶೀಟ್‌ನಲ್ಲಿ ನಾನು ಅದನ್ನು ಹಸಿರು ಬಣ್ಣ ಹಾಕಿ ‘ಒಳ್ಳೆಯದು’ ಎಂದು ಗುರುತಿಸಿದ್ದೆ. ಭಾನುವಾರ ಬೆಳಗಿನ ಬಸ್ ಹಿಡಿದು ಸಾಗರಕ್ಕೆ ಹೋಗಿ, ಅಲ್ಲಿಂದ ಅಕ್ಕನ ಮನೆ ತಲುಪಿದೆ. ಜಗಲಿಯ ಮೇಲೆ ಚಾಪೆ ಹಾಸಿ ಕೊನೆಯ ಕೊಯ್ಲಿನ ಮಿಡಿ ಹರವಿದ್ದರು. ತೊಟ್ಟು ಮುರಿದದ್ದನ್ನು, ಪೆಟ್ಟು ಬಿದ್ದದ್ದನ್ನು ಆರಿಸಿ ಬೇರೆ ಬುಟ್ಟಿಗೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಆ ಪುಟವನ್ನು ಮೊಬೈಲಿನಲ್ಲಿ ತೋರಿಸಿದೆ.

“ಇವರಾ? ನಾನೇ ಬಾಟಲಿ ಕಳಿಸಿದ್ದು. ಒಂದು ಬಾಟಲಿ ಅಪ್ಪೆಮಿಡಿ, ಒಂದು ಜೋನಿಬೆಲ್ಲ. ಲೇಖನ ಬರೆದು ನಮ್ಮ ಲಿಂಕ್ ಹಾಕಿ ಎಂದು ಕೇಳಿದ್ದೆ. ಹಣ ಕೊಟ್ಟಿಲ್ಲ, ತಮ್ಮಾ” ಎಂದರು.

“ಹೀಗೆ ಎಷ್ಟು ಜನಕ್ಕೆ ಕಳಿಸಿದ್ದೀರಿ?”

ಕೈಯಲ್ಲಿದ್ದ ಮಿಡಿಯನ್ನು ಕೆಳಗಿಟ್ಟು ಯೋಚಿಸಿದರು. “ಮೂವತ್ತಿರಬಹುದು. ಅದೂ ತಪ್ಪೇ?”

ಗೂಗಲ್‌ನ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಣ ಮಾತ್ರವಲ್ಲ, ಲಿಂಕ್ ಹಾಕಬೇಕೆಂಬ ಮಾತಿನ ಮೇಲೆ ವಸ್ತು ಕೊಟ್ಟರೂ ಅದು ಕೊಂಡ ಲಿಂಕೇ. ಉಪ್ಪಿನಕಾಯಿ ಕಳಿಸುವುದು ತಪ್ಪಲ್ಲ. ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿಯೇ ಇಲ್ಲ. ಬರೆದವರು ಇದು ಉಚಿತವಾಗಿ ಬಂದದ್ದು ಎಂದು ಲಿಂಕ್‌ನಲ್ಲಿ ಗುರುತು ಹಾಕಬೇಕು, ಅಷ್ಟೆ. ಅದಕ್ಕೆ 2005ರಿಂದಲೇ ‘ನೋಫಾಲೋ’ ಎಂಬ ಗುರುತಿದೆ. 2019ರಲ್ಲಿ ‘ಸ್ಪಾನ್ಸರ್ಡ್’ ಎಂಬ ಇನ್ನೂ ನಿಖರವಾದ ಗುರುತನ್ನು ಗೂಗಲ್ ಕೊಟ್ಟಿತು. ಓದುವವರಿಗೆ ಲಿಂಕ್ ಎಂದಿನಂತೆಯೇ ಕೆಲಸ ಮಾಡುತ್ತದೆ, ಗೂಗಲ್ ಮಾತ್ರ ಅದನ್ನು ಶಿಫಾರಸು ಎಂದು ಎಣಿಸುವುದಿಲ್ಲ.

ಅಂದು ಮಧ್ಯಾಹ್ನ ಅಕ್ಕ ತಾವೇ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಮುಚ್ಚುಮರೆ ಇಲ್ಲದೆ ನಡೆದದ್ದನ್ನು ಹೇಳಿ, ಆ ಗುರುತು ಹಾಕಿಕೊಡಿ ಎಂದು ಕೇಳಿದರು. ಮುನ್ನೂರು ಅಪರಿಚಿತ ತಾಣಗಳಿಂದ ಎರಡು ತಿಂಗಳಲ್ಲಿ ಸಿಗದ ಸಹಕಾರ ಈ ಮೂವತ್ತು ಜನರಿಂದ ಒಂದು ವಾರದಲ್ಲಿ ಸಿಕ್ಕಿತು. ಇಬ್ಬರನ್ನು ಬಿಟ್ಟು ಎಲ್ಲರೂ ಬದಲಾಯಿಸಿದರು. ಹೇಗೆ ಮಾಡುವುದೆಂದು ತಿಳಿಯದವರಿಗೆ ಮಗಳು ವೀಡಿಯೋ ಕರೆಯಲ್ಲಿ ಹೇಳಿಕೊಟ್ಟಳು.

ಎರಡನೆಯ ಮನವಿಯನ್ನು ಬೇರೆಯ ರೀತಿಯಲ್ಲೇ ಬರೆದೆವು. ಏಜೆನ್ಸಿಯ ಮಾತು ಒಂದೇ ವಾಕ್ಯ: ಎರಡು ವರ್ಷ ಒಂದು ಸಂಸ್ಥೆಗೆ ಹಣ ಕೊಟ್ಟು ಲಿಂಕ್‌ಗಳನ್ನು ಪಡೆದೆವು, ಜವಾಬ್ದಾರಿ ನಮ್ಮದು. ಮುಂದಿನ ಪ್ಯಾರಾ ಅಕ್ಕನೇ ಕನ್ನಡದಲ್ಲಿ ಹೇಳಿದ್ದು, ನಾನು ಇಂಗ್ಲಿಷಿಗೆ ಇಳಿಸಿದ್ದು. ಲೇಖನಕ್ಕಾಗಿ ನಾನೇ ಉಪ್ಪಿನಕಾಯಿ ಕಳಿಸಿದ್ದೇನೆ, ಅದು ನಿಯಮಕ್ಕೆ ವಿರುದ್ಧ ಎಂದು ಈಗ ತಿಳಿಯಿತು, ಕಳಿಸಿದವರ ಪಟ್ಟಿ ಇಲ್ಲಿದೆ ಎಂಬಷ್ಟೇ ಮಾತು. ತಾಣದಿಂದ ಅಳಿಸಿದ ಪುಟಗಳ ವಿವರ, ಮೇಲ್ ಕಳಿಸಿದ ಶೀಟ್‌ನ ವಿಳಾಸ, ಡಿಸ್‌ಅವೌ ಕಡತ ಏರಿಸಿದ ದಿನ. ಒಟ್ಟು ಒಂದು ಪುಟ. ಮೊದಲ ಮನವಿ ತಿರಸ್ಕಾರವಾದದ್ದು ಅದರ ದನಿಯಿಂದಲ್ಲ, ಉಳಿದಿದ್ದ ಲಿಂಕ್‌ಗಳಿಂದ, ಅದು ಗೊತ್ತು. ಆದರೂ ಏಜೆನ್ಸಿಯ ಮೇಲಿನ ಸಿಟ್ಟಿನಲ್ಲಿ ನಾನು ಅಕ್ಕನನ್ನು ಒಂದೇ ಒಂದು ಪ್ರಶ್ನೆ ಕೇಳಲು ಮರೆತಿದ್ದೆ: ನೀವೇನಾದರೂ ಮಾಡಿದ್ದೀರಾ? ಫೆಬ್ರುವರಿಯಲ್ಲೇ ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಈಗ ಯಾರ ಪ್ರಕರಣವೇ ಬರಲಿ, ನನ್ನ ಮೊದಲ ಪ್ರಶ್ನೆ ಅದೇ.

ಮುಂಗಾರು ಹಿಡಿಯುವ ಹೊತ್ತಿಗೆ, ಜೂನ್ ಮೊದಲ ವಾರ, ಕ್ರಮ ಹಿಂತೆಗೆದುಕೊಂಡ ಸಂದೇಶ ಬಂತು. ಅಕ್ಕ ಮನೆಯವರಿಗೆಲ್ಲ ತೊಡೆದೇವು ಹಂಚಿದರಂತೆ.

ಆದರೆ ತಾಣ ಹಿಂದಿನ ಜಾಗಕ್ಕೆ ಬರಲಿಲ್ಲ. ಒಂದು ವಾರದಲ್ಲಿ ಅಂಗಡಿಯ ಹೆಸರಿಗೆ ತಾಣ ಮೊದಲು ಬಂತು, ನಿಜ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಹುಡುಕಿದರೆ ಮಾತ್ರ ಮೂರನೆಯ ಪುಟದಲ್ಲಿತ್ತು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಹಿಂದಿನ ವರ್ಷದ ಜೂನ್‌ನೊಂದಿಗೆ ಹೋಲಿಸಿದರೆ ಕ್ಲಿಕ್‌ಗಳು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಶಿಕ್ಷೆ ತೆಗೆದರಲ್ಲ, ಮತ್ತೇಕೆ ಹೀಗೆ ಎಂದು ಅಕ್ಕ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂ ಮಾರಾಟದ ಸಂಸ್ಥೆ ಇಂಟರ್‌ಫ್ಲೋರಾ ಇಂಥದ್ದೇ ಕಾರಣಕ್ಕೆ ಗೂಗಲ್‌ನಿಂದ ಮರೆಯಾಗಿ ಎರಡು ವಾರದೊಳಗೆ ಮರಳಿತ್ತು. ಆದರೆ ಅದು ಆ ದೇಶದ ಮನೆಮಾತು. ಕೃತಕ ಲಿಂಕ್‌ಗಳನ್ನು ಕಳೆದರೂ ಅದಕ್ಕೆ ಬೇಕಾದಷ್ಟು ನಿಜವಾದವು ಉಳಿದಿದ್ದವು. ಅಕ್ಕನ ಹಳೆಯ ಸ್ಥಾನದ ಬಹುಭಾಗ ಆ ಮುನ್ನೂರು ಲಿಂಕ್‌ಗಳ ಮೇಲೆ ನಿಂತಿತ್ತು. ಊರುಗೋಲು ತೆಗೆದ ಮೇಲೆ ಉಳಿದದ್ದು ಅಂಗಡಿಯ ನಿಜವಾದ ಎತ್ತರ. ಈ ಮಾತನ್ನು ಗಿರಾಕಿಗಳಿಗೆ ಮೊದಲೇ ಹೇಳದೆ ‘ಹಳೆಯ ರ್‍ಯಾಂಕ್ ವಾಪಸ್ ತರುತ್ತೇವೆ’ ಎಂದು ಹಣ ಪಡೆಯುವುದು ಅನ್ಯಾಯ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎತ್ತರ ಬೆಳೆಸಲು ನಮ್ಮಲ್ಲಿ ಏನಿತ್ತು? ಏಜೆನ್ಸಿ ಬರೆಸಿದ್ದ ಉತ್ಪನ್ನದ ಪುಟ ತೆರೆದು ಅಕ್ಕನಿಗೆ ಓದಿ ಹೇಳಿದೆ. ‘ಆಯ್ದ ತೋಟಗಳಲ್ಲಿ ಬೆಳೆದ ಎಳೆಯ ಮಾವು’ ಎಂದಿತ್ತು. ಅವರಿಗೆ ರೇಗಿತು. “ಯಾವ ತೋಟ? ನಮ್ಮದು ಹೊಳೆಯಂಚಿನ ಕಾಡುಮರ. ಅದಕ್ಕೆ ಯಾರೂ ಗೊಬ್ಬರ ಹಾಕಿಲ್ಲ. ಮರ ಹತ್ತಿದವನು ಮಿಡಿಯನ್ನು ನೆಲಕ್ಕೆ ಬೀಳಿಸುವುದಿಲ್ಲ, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸುತ್ತಾನೆ. ನೆಲಕ್ಕೆ ಬಿದ್ದದ್ದು ಉಪ್ಪಿನಲ್ಲಿ ಕೊಳೆಯುತ್ತದೆ, ಜೊತೆಯವನ್ನೂ ಕೆಡಿಸುತ್ತದೆ. ತೊಟ್ಟು ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳವೇ ಹೋಯಿತು.” ನಾನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಕಲ್ಲುಪ್ಪಿನಲ್ಲಿ ಮಿಡಿ ಚಿರುಟುವವರೆಗೆ ಹೇಗೆ ಕಾಯಬೇಕು, ಕುದಿಸಿ ಆರಿಸಿದ ಉಪ್ಪುನೀರು ಏಕೆ, ಸಾಸಿವೆ ಎಷ್ಟು ಹುರಿದರೆ ಕಹಿಯಾಗುತ್ತದೆ, ಎಲ್ಲವನ್ನೂ ಹೇಳಿದರು.

ಮಳೆಗಾಲದ ನಾಲ್ಕು ತಿಂಗಳು ಅದನ್ನೇ ಬರೆದೆವು. ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಮಗಳು ಗುರುತು ಹಾಕಿಕೊಂಡಳು: ಮಿಡಿ ಮೆತ್ತಗಾಗಿದೆ, ತಿನ್ನಬಹುದೇ? ಜಾಡಿಯ ಮೇಲೆ ಬಿಳಿಯ ಪದರ ಬಂದಿದೆ, ಏನು ಮಾಡಲಿ? ಪ್ರತಿ ಪ್ರಶ್ನೆಗೂ ಒಂದು ಪುಟ, ಅಕ್ಕನ ಉತ್ತರ, ಅವರದೇ ಜಾಡಿಯ ಫೋಟೋ. ಕನ್ನಡದಲ್ಲಿ ಮೊದಲು, ಇಂಗ್ಲಿಷಿನಲ್ಲಿ ಆಮೇಲೆ. ಹುಡುಕಾಟದ ಪದಗಳ ಪಟ್ಟಿಯಲ್ಲಿ ಇನ್ನೊಂದನ್ನೂ ಗಮನಿಸಿದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಅಧಿಕೃತವಾಗಿ ಶಿವಮೊಗ್ಗ ಎಂದಾದರೂ, ಇಂಗ್ಲಿಷಿನಲ್ಲಿ ಹುಡುಕುವವರು ಈಗಲೂ ‘ಶಿಮೊಗ’ ಎಂದೇ ಬೆರಳಚ್ಚು ಮಾಡುತ್ತಾರೆ. ಹಾಗೆಂದು ಎರಡೂ ಹೆಸರನ್ನು ಪುಟದ ತುಂಬ ಬಿತ್ತಲಿಲ್ಲ. ‘ನಮ್ಮನ್ನು ತಲುಪುವುದು ಹೇಗೆ’ ಎಂಬ ಪುಟದಲ್ಲಿ ಒಮ್ಮೆ ಹಳೆಯ ಹೆಸರನ್ನೂ ಬರೆದೆವು.

ದೀಪಾವಳಿಯ ಹೊತ್ತಿಗೆ ಕ್ಲಿಕ್‌ಗಳು ಹಿಂದಿನ ವರ್ಷದ ಅರ್ಧವನ್ನು ದಾಟಿದವು. ಹೆಚ್ಚಿನವು ಬಂದದ್ದು ಮೊದಲಿನಂತೆ ‘ಖರೀದಿಸಿ’ ಎಂಬ ಹುಡುಕಾಟದಿಂದಲ್ಲ, ಬಿಳಿಯ ಪದರದ ಪುಟದಿಂದ ಮತ್ತು ಮಿಡಿ ಮೆತ್ತಗಾಗುವ ಪುಟದಿಂದ. ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು ಬಂದು ಓದಿ, ಕೆಲವರು ಉಪ್ಪಿನಲ್ಲಿ ಹಾಕಿದ ಮಿಡಿಯನ್ನೇ ಕಳಿಸಿ ಎಂದು ಕೇಳತೊಡಗಿದರು. ಅಂಗಡಿಯಲ್ಲಿ ಇರದಿದ್ದ ಸರಕು ಅದು. ಈ ವರ್ಷ ಅದಕ್ಕೆಂದೇ ನಾಲ್ಕು ಹೊಸ ಭರಣಿ ತಂದಿದ್ದಾರೆ. ಡೊಮೇನ್ ಅಕ್ಕನ ಹೆಸರಿಗೆ ವರ್ಗವಾಗಿದೆ. ಡಿಸ್‌ಅವೌ ಕಡತ ಅಲ್ಲೇ ಇದೆ, ತೆಗೆಯುವುದಿಲ್ಲ.

ಹೋದ ತಿಂಗಳು ಅಕ್ಕ ಮತ್ತೆ ಫೋನ್ ಮಾಡಿದ್ದರು. ಮೈಸೂರಿನ ಒಬ್ಬರು ಲೇಖನ ಬರೆಯುತ್ತೇನೆ, ಬಾಟಲಿ ಕಳಿಸಿ ಎಂದು ಕೇಳಿದ್ದಾರಂತೆ. “ಕಳಿಸಲಾ ಬೇಡವಾ?” ಎಂದರು. ಕಳಿಸಿ, ಲಿಂಕ್ ಕೇಳಬೇಡಿ, ಹಾಕುವುದಾದರೆ ಆ ಗುರುತು ಹಾಕಲಿ ಎಂದೆ. “ಅದನ್ನು ಚೀಟಿಯಲ್ಲಿ ಬರೆದು ಬಾಟಲಿಯ ಜೊತೆಗೇ ಇಟ್ಟಿದ್ದೇನೆ. ಸರಿಯಾಗಿ ಬರೆದಿದ್ದೇನೋ ಇಲ್ಲವೋ, ಓದುತ್ತೇನೆ ಕೇಳು” ಎಂದು ಓದತೊಡಗಿದರು.